ಕೊರವನಿಗೆ ಹುಸಿ ಕಪ್ಪೆ: ಗಾತ್ರವೆಷ್ಟು, ಬಣ್ಣ ಯಾವುದು?



ಊರ ಕೆರೆಗೋ ತೋಟದ ಹೊಂಡಕ್ಕೋ ಕಾಟ್ಲ, ರೋಹು ಮರಿಗಳನ್ನು ಬಿಟ್ಟಿರುತ್ತೀರಿ. ಕೆಲವು ತಿಂಗಳು ಕಳೆದ ಮೇಲೆ ಬಲೆ ಎಳೆಸಿದರೆ, "ಬಿಟ್ಟದ್ದು ಅಷ್ಟು, ಸಿಕ್ಕಿದ್ದು ಇಷ್ಟೇನಾ?" ಅಂತ ತಲೆಯ ಮೇಲೆ ಕೈ ಹೊತ್ತುಕೊಳ್ಳುವ ಹಾಗಾಗುತ್ತದೆ. ಕಾವಲುಗಾರನ ಮೇಲೆ ಅನುಮಾನ, ಪಕ್ಕದ ಊರಿನವರ ಮೇಲೆ ಅನುಮಾನ. ಅನೇಕ ಕಡೆ ಕಳ್ಳ ಇರುವುದು ನೀರಿನೊಳಗೇ, ಜೊಂಡಿನ ಮರೆಯಲ್ಲಿ. ಅದೇ ಕೊರವ. ಮೀನುಗಾರಿಕೆಯವರು ಮುರಲ್ ಎನ್ನುತ್ತಾರಲ್ಲ, ಆ ಹಾವಿನ ತಲೆಯ ಮೀನು.

ಕೊರವ ನೀರಿನ ಮೇಲಕ್ಕೆ ಬಂದು ಗಾಳಿಯನ್ನೇ ಗುಟುಕರಿಸಿ ಉಸಿರಾಡಬಲ್ಲ ಮೀನು. ಕೆರೆ ಬತ್ತಿದರೂ ಕೆಸರಿನಲ್ಲಿ ಹುದುಗಿ ಜೀವ ಹಿಡಿದುಕೊಂಡಿರುತ್ತದೆ. ಹಾಗಂತ ಅದನ್ನು ಬರೀ ಶತ್ರು ಎಂದು ಎಣಿಸಬೇಡಿ. ಜೀವಂತವಾಗಿ ಸಂತೆಗೆ ಒಯ್ದರೆ ಕಾಟ್ಲಕ್ಕಿಂತ ಒಳ್ಳೆಯ ಬೆಲೆ ಬರುವ ಮೀನು ಅದು. ಜೊಂಡು, ತಾವರೆ ತುಂಬಿದ ಮೂಲೆಯಲ್ಲಿ ಬಲೆ ಓಡುವುದಿಲ್ಲವಾದ್ದರಿಂದ ಅಲ್ಲಿ ಗಾಳವೇ ಗತಿ.

ನಮ್ಮ ಕಡೆ ಹಿಂದಿನಿಂದಲೂ ಕೊರವನ ಗಾಳಕ್ಕೆ ಜೀವಂತ ಕಪ್ಪೆ ಚುಚ್ಚುವ ರೂಢಿಯುಂಟು. ಗದ್ದೆಯ ಹುಳುಹುಪ್ಪಟೆ ತಿನ್ನುವ ಕಪ್ಪೆಯನ್ನು ಹಿಡಿದು ಗಾಳಕ್ಕೆ ಹಾಕಿದರೆ ಒಂದು ಕೈಯಲ್ಲಿ ಗಳಿಸಿ ಇನ್ನೊಂದು ಕೈಯಲ್ಲಿ ಕಳೆದ ಹಾಗೆ. ಕಪ್ಪೆ ಕಾಲಿನ ರಫ್ತನ್ನು 1987ರಲ್ಲಿ ಭಾರತ ಸರ್ಕಾರ ನಿಲ್ಲಿಸಿದ್ದು ನಿಮಗೆ ನೆನಪಿರಬಹುದು. ಈಗ ಅಂಗಡಿಗಳಲ್ಲಿ ರಬ್ಬರಿನ ಹುಸಿ ಕಪ್ಪೆ ಸಿಗುತ್ತದೆ. ಅಮೆರಿಕದಲ್ಲಿ ಬ್ಯಾಸ್ ಎಂಬ ಮೀನಿಗೆ ಹಾಕುವ ಎರೆಯೇ ಇದು. ಒಳಗೆ ಟೊಳ್ಳು, ಎರಡು ಕೊಕ್ಕೆಗಳ ಮೊನೆ ಬೆನ್ನಿಗೆ ಒತ್ತಿಕೊಂಡು ಮೇಲ್ಮುಖವಾಗಿ ಕೂತಿರುತ್ತದೆ. ಆದ್ದರಿಂದ ಎಲೆಗೆ, ಜೊಂಡಿಗೆ ಸುಲಭವಾಗಿ ಸಿಕ್ಕಿಕೊಳ್ಳುವುದಿಲ್ಲ. ಮೀನು ಕಚ್ಚಿದಾಗ ರಬ್ಬರು ಅದುಮಿ ಕೊಕ್ಕೆ ಹೊರಬೀಳುತ್ತದೆ.

ಅಂಗಡಿಗೆ ಹೋದಿರೋ, ಗೊಂದಲ ಶುರು. ಹೆಬ್ಬೆರಳಿನಷ್ಟರಿಂದ ಅಂಗೈಯಷ್ಟರವರೆಗೆ, ಕಾಮನಬಿಲ್ಲಿನ ಬಣ್ಣಗಳೆಲ್ಲ ಅಲ್ಲಿವೆ. ಮೊದಲು ಗಾತ್ರದ ಮಾತು ನೋಡೋಣ.

"ದೊಡ್ಡ ಮೀನಿಗೆ ದೊಡ್ಡ ಎರೆ" ಎಂಬುದು ಅರ್ಧ ನಿಜ. ಕೊರವ ಅಗಿದು ತಿನ್ನುವ ಮೀನಲ್ಲ, ಇಡಿಯಾಗಿ ನುಂಗುವ ಮೀನು. ಅದರ ಬಾಯಿ ಎಷ್ಟು ಅಗಲವೋ ಊಟ ಅಷ್ಟೇ ದಪ್ಪ. ಅರ್ಧ ಕಿಲೋದಿಂದ ಒಂದು ಕಿಲೋ ತೂಗುವ ಕೊರವನಿಗೆ 4ರಿಂದ 5 ಸೆಂಟಿಮೀಟರ್ ಮೈಯ ಕಪ್ಪೆ ಸಾಕು. ನದಿ, ಜಲಾಶಯಗಳಲ್ಲಿ ದೊಡ್ಡ ಜಾತಿಯ ಮುರಲ್ ಒಂದಿದೆ. ಬಾಲದ ಬುಡದಲ್ಲಿ ಕಣ್ಣಿನಂಥ ಮಚ್ಚೆ ಇರುವ ಅದು ಒಂದು ಮೀಟರನ್ನೂ ಮೀರಿ ಬೆಳೆಯುತ್ತದೆ. ಅಂಥ ಕಡೆ 6-7 ಸೆಂಟಿಮೀಟರ್ ಕಪ್ಪೆ ಹಾಕಿ. ದೊಡ್ಡ ಕಪ್ಪೆಗೆ ಸಣ್ಣ ಕೊರವನೂ ಎರಗುತ್ತದೆ, ಅದರಲ್ಲಿ ಸಂಶಯ ಬೇಡ. ಆದರೆ ಬಾಯೊಳಕ್ಕೆ ಪೂರ್ತಿ ಹೋಗುವುದಿಲ್ಲ, ಕೊಕ್ಕೆ ನಾಟುವುದಿಲ್ಲ. ನೀರು ಧಡ್ ಎಂದು ಸಿಡಿಯುತ್ತದೆ, ಎಳೆದರೆ ಬರಿ ಕಪ್ಪೆ ಹಾರಿ ಬರುತ್ತದೆ. ಹೀಗೆ ಎರಡು ಮೂರು ಸಲ ಆದರೆ ಜನ ಬಣ್ಣ ಬದಲಾಯಿಸುತ್ತಾರೆ. ಮೀನು ಎರಗಿದೆ ಎಂದರೆ ಬಣ್ಣ ಒಪ್ಪಿತು ಅಂತಲೇ ಅರ್ಥವಲ್ಲವೇ? ಬದಲಾಯಿಸಬೇಕಾದ್ದು ಗಾತ್ರ: ಒಂದು ಅಳತೆ ಕೆಳಕ್ಕಿಳಿಯಿರಿ. ಎಳೆಯುವ ಮುಂಚೆ ಒಂದೆರಡು ಎಣಿಸುವಷ್ಟು ತಾಳಿ, ಮೀನು ಬಾಯಿ ಮುಚ್ಚಿ ತಿರುಗಲಿ.

ದೊಡ್ಡ ಕಪ್ಪೆ ಬೇಕಾಗುವ ಇನ್ನೊಂದು ಸಂದರ್ಭ ಇದೆ. ಮೊದಲ ಮಳೆಗೆ ಕೆರೆ ಕೆಂಪಾಗಿದೆ, ಅಥವಾ ನೀರು ಕಾಣದಷ್ಟು ಅಂತರಗಂಗೆ ಹಬ್ಬಿದೆ ಅನ್ನಿ. ಆಗ ಮೀನು ಕಣ್ಣಿಗಿಂತ ಹೆಚ್ಚಾಗಿ ಪಕ್ಕೆಯ ಗೆರೆಯಿಂದ, ಅಂದರೆ ನೀರಿನ ಅಲುಗಾಟವನ್ನು ಗುರುತಿಸುವ ಅಂಗದಿಂದ, ಬೇಟೆಯನ್ನು ಪತ್ತೆ ಮಾಡುತ್ತದೆ. ಹಗುರವಾದ ಸಣ್ಣ ಕಪ್ಪೆ ಎಲೆಯ ಮೇಲೆ ಹೋದದ್ದೇ ಅದಕ್ಕೆ ತಿಳಿಯದು. ಸ್ವಲ್ಪ ಭಾರದ್ದು, ಎಲೆಯನ್ನು ಅದುಮಿ ನಡೆಯುವಂಥದ್ದು ಮೇಲು.

ಇನ್ನು ಬಣ್ಣ. ಬಣ್ಣ ಹಿಡಿಯುವುದು ಮೀನನ್ನಲ್ಲ, ಕೊಳ್ಳುವವರನ್ನು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು ಅಲ್ಲಿನ ಬ್ಯಾಸ್ ಮೀನನ್ನು ಬಣ್ಣ ಗುರುತಿಸಲು ಪಳಗಿಸಿ ನೋಡಿ, 2019ರಲ್ಲಿ ಫಲವನ್ನು ಪ್ರಕಟಿಸಿದರು. ಆ ಮೀನಿನ ಕಣ್ಣಿನಲ್ಲಿ ಬಣ್ಣ ಹಿಡಿಯುವ ಕೋಶಗಳು ಎರಡೇ ಬಗೆ, ಒಂದು ಕೆಂಪಿಗೆ, ಒಂದು ಹಸುರಿಗೆ. ಕೆಂಪು, ಹಸುರನ್ನು ಅದು ಚೆನ್ನಾಗಿ ಬೇರ್ಪಡಿಸಿತು. ನೀಲಿಗೂ ಕಪ್ಪಿಗೂ ತಬ್ಬಿಬ್ಬಾಯಿತು. ಎಳೆಹಳದಿ ಮಿಶ್ರಿತ ಹಸುರಿಗೂ ಬಿಳಿಗೂ ಹಾಗೆಯೇ. ನಮ್ಮ ಕಣ್ಣಿಗೆ ಬೇರೆ ಬೇರೆಯಾಗಿ ಕಾಣುವ ಎರಡು ಎರೆ ಮೀನಿಗೆ ಒಂದೇ ಆಗಿರಬಹುದು ಎಂದಾಯಿತಲ್ಲ.

ಕಪ್ಪೆಯ ವಿಷಯದಲ್ಲಂತೂ ಇನ್ನೊಂದು ಮಾತಿದೆ. ಅದು ತೇಲುವ ಎರೆ, ಮೀನು ನೋಡುವುದು ಕೆಳಗಿನಿಂದ. ಅಂಗಡಿಯಲ್ಲೇ ಪರೀಕ್ಷೆ ಮಾಡಿ: ಕಪ್ಪೆಯನ್ನು ತಲೆಯ ಮೇಲೆ, ಆಕಾಶಕ್ಕೆ ಎದುರಾಗಿ ಹಿಡಿದು ನೋಡಿ. ಬೆನ್ನಿನ ಮೇಲಿನ ಚಿತ್ತಾರ ಎಲ್ಲಿ ಹೋಯಿತು? ಕಾಣುವುದು ಹೊಟ್ಟೆಯ ಬಣ್ಣ ಮತ್ತು ಒಟ್ಟು ಆಕಾರ, ಅಷ್ಟೇ. ಮುಂಜಾನೆ, ಮುಸ್ಸಂಜೆ, ಮೋಡ ಕವಿದ ಹೊತ್ತು, ಕದಡಿದ ನೀರು, ಇವಕ್ಕೆ ಕಪ್ಪು. ಮಂಕು ಬೆಳಕಿನಲ್ಲಿ ಕಪ್ಪಿನ ಅಂಚು ಸ್ಪಷ್ಟವಾಗಿ ಕಾಣುತ್ತದೆ. ನೀರು ತಿಳಿಯಾಗಿದ್ದು ಬಿಸಿಲಿದ್ದರೆ ಬಿಳಿ ಹೊಟ್ಟೆಯ ಹಸುರು ಅಥವಾ ಕಂದು, ಅಂದರೆ ದಡದಲ್ಲಿ ಕುಪ್ಪಳಿಸುವ ಕಪ್ಪೆಯ ಬಣ್ಣವೇ. ಈ ಎರಡು ಬಣ್ಣದಲ್ಲಿ, ಎರಡು ಅಳತೆಯಲ್ಲಿ, ಒಟ್ಟು ನಾಲ್ಕು ಕಪ್ಪೆ ಇದ್ದರೆ ನಿಮ್ಮ ಚೀಲ ತುಂಬಿತು.

ಇಷ್ಟೆಲ್ಲ ಹೇಳಿ ಒಂದು ಮಾತು ಬಿಟ್ಟರೆ ತಪ್ಪಾದೀತು. ಮಳೆಗಾಲದಲ್ಲಿ ಜೊಂಡಿನ ಅಂಚಿಗೆ ಕೆಂಪು ಕಿತ್ತಳೆ ಬಣ್ಣದ ಮರಿಗಳ ಗುಂಪು ಮೇಲೆ ಬಂದು ಗಾಳಿ ಕುಡಿಯುವುದು ಕಾಣುತ್ತದೆ. ಅದರ ಕೆಳಗೆ ತಾಯಿಯೋ ತಂದೆಯೋ ಕಾವಲಿರುತ್ತದೆ. ಆ ಮೀನಿಗೆ ನಿಮ್ಮ ಗಾತ್ರ, ಬಣ್ಣ ಯಾವುದೂ ಲೆಕ್ಕಕ್ಕಿಲ್ಲ. ಹಸಿವಿಲ್ಲದಿದ್ದರೂ ಮರಿಗಳ ಹತ್ತಿರ ಬಿದ್ದ ಏನನ್ನಾದರೂ ಕಚ್ಚಿ ಓಡಿಸಲು ನುಗ್ಗುತ್ತದೆ. ಹಿಡಿಯುವುದು ಬಲು ಸುಲಭ. ಹಿಡಿದಿರೋ, ಕಾವಲು ತಪ್ಪಿದ ಮರಿಗಳು ಬೇರೆ ಮೀನುಗಳ ಬಾಯಿಗೆ ಬೀಳುತ್ತವೆ. "ಕಾಟ್ಲ ತಿನ್ನುವ ಜಾತಿ, ಹೋದರೆ ಹೋಗಲಿ" ಎನ್ನುತ್ತೀರಾ? ನಿಮ್ಮ ಸ್ವಂತ ಹೊಂಡದಲ್ಲಿ ಅದು ನಿಮ್ಮ ಇಷ್ಟ. ಊರ ಕೆರೆಯಲ್ಲಿ ಹಾಗೆ ಮಾಡಿದರೆ ಮುಂದೆ ಸಂತೆಗೆ ಒಯ್ಯುವ ಕೊರವನೇ ಕಡಿಮೆಯಾದೀತು. ಅಲ್ಲಿ ಕಾಟ್ಲ ಮರಿಗಳನ್ನು ಕಾಪಾಡಲು ಬೇರೆ ಉಪಾಯವಿದೆ: ಬೆರಳುದ್ದದ ಮರಿ ಬಿಡದೆ, 10 ಸೆಂಟಿಮೀಟರಿಗೆ ಬೆಳೆಸಿದ ಮರಿಗಳನ್ನೇ ಬಿಡಿ. ಸಣ್ಣ ಕೊರವನ ಬಾಯಿಗೆ ಅವು ಹಿಡಿಸವು.

ಕೆರೆಯ ಮೀನು ಗುತ್ತಿಗೆಯಾಗಿದ್ದರೆ ಗುತ್ತಿಗೆದಾರರ ಇಲ್ಲವೆ ಮೀನುಗಾರರ ಸಂಘದ ಒಪ್ಪಿಗೆ ಪಡೆದೇ ಗಾಳ ಹಾಕಿ. ಕೊಕ್ಕೆ ಬಿಡಿಸಲು ಇಕ್ಕಳ ಒಯ್ಯುವುದನ್ನು ಮರೆಯಬೇಡಿ. ಕೊರವನ ಬಾಯಿಗೆ ಬೆರಳು ಹಾಕಿದವರು ಎರಡನೇ ಸಲ ಹಾಕುವುದಿಲ್ಲ.