ಬಲೂನು ಮನೆಯ ಮಹಡಿ ನಿಂತ ಬಗೆ

ಮನೆಯ ಮಹಡಿಯನ್ನು ಹೊತ್ತು ನಿಂತಿರುವುದು ಯಾವುದು? ಕೇಳಿದೊಡನೆ ‘ಗೋಡೆ’ ಎಂದು ಯಾರಾದರೂ ಉತ್ತರಿಸಿಯಾರು. ಆದರೆ ಆ ಗೋಡೆ ಕಲ್ಲಿನದೂ ಅಲ್ಲದೆ, ಇಟ್ಟಿಗೆಯದೂ ಅಲ್ಲದೆ, ಎರಡು ಅಂಗುಲ ದಪ್ಪ, ನಾಲ್ಕು ಅಂಗುಲ ಅಗಲದ ಮರದ ಪಟ್ಟಿಗಳ ಬರಿಯ ಸಾಲಾಗಿದ್ದರೆ? ಅಮೆರಿಕದ ಅಸಂಖ್ಯ ಹಳೆಯ ಮರದ ಮನೆಗಳಲ್ಲಿ ಮಹಡಿಯ ಭಾರವನ್ನು ಗೋಡೆಗೆ ಮುಟ್ಟಿಸುತ್ತಿರುವುದು ಒಂದೇ ಅಂಗುಲ ದಪ್ಪದ, ಕಣ್ಣಿಗೂ ಬೀಳದ ಒಂದು ಹಲಗೆ!

ಈ ಕಥೆ ಆರಂಭವಾಗುವುದು ಮಿಚಿಗನ್ ಸರೋವರದ ತೀರದಲ್ಲಿ. 1833ರಲ್ಲಿ ಷಿಕಾಗೋ ಎಂಬುದು ಸುಮಾರು 350 ಜನರ ಹಳ್ಳಿ. 1837ರ ಹೊತ್ತಿಗೆ ಅದು 4,000 ಜನರ ನಗರ. ಹೀಗೆ ಉಕ್ಕಿಬಂದ ಜನಕ್ಕೆ ಸೂರು ಒದಗಿಸುವುದೆಂತು? ಹಳೆಯ ಪದ್ಧತಿಯಲ್ಲಿ ದಪ್ಪ ತೊಲೆಗಳಿಗೆ ಹಲ್ಲು ಕೊರೆದು, ತೂತಿಗೆ ಕೂಡಿಸಿ, ಮರದ ಬೆಣೆ ಜಡಿದು ಚೌಕಟ್ಟನ್ನು ಹೂಡಬೇಕಾಗಿತ್ತು. ಅದಕ್ಕೆ ನುರಿತ ಬಡಗಿಗಳೂ ಬೇಕು, ಎತ್ತಿ ನಿಲ್ಲಿಸಲು ಹತ್ತಾರು ಆಳುಗಳೂ ಬೇಕು. ಅಲ್ಲಿ ಕುಶಲಕರ್ಮಿಗಳು ವಿರಳ. ಇದ್ದುದು ಗರಗಸದ ಕಾರ್ಖಾನೆಯಲ್ಲಿ ಸೀಳಿದ ತೆಳು ಮರ, ಯಂತ್ರದಲ್ಲಿ ತಯಾರಾದ ಅಗ್ಗದ ಮೊಳೆ. ಈ ಎರಡನ್ನೇ ನೆಚ್ಚಿ ಹುಟ್ಟಿದ್ದು ಹೊಸ ಚೌಕಟ್ಟು. 1832ರಲ್ಲಿ ಉಗ್ರಾಣವೊಂದನ್ನು ಕಟ್ಟಿದ ಜಾರ್ಜ್ ಸ್ನೋ, 1833ರಲ್ಲಿ ಸೇಂಟ್ ಮೇರಿ ಚರ್ಚನ್ನು ಕಟ್ಟಿದ ಆಗಸ್ಟೀನ್ ಟೇಲರ್ — ಇವರಿಬ್ಬರ ಹೆಸರನ್ನೂ ಇತಿಹಾಸಕಾರರು ಇದರೊಡನೆ ಹೇಳುವುದುಂಟು. ಗಾಳಿ ಬೀಸಿದರೆ ಇದು ಬಲೂನಿನಂತೆ ಹಾರಿಹೋದೀತೆಂದು ಹಳೆಯ ಬಡಗಿಗಳು ನಕ್ಕರಂತೆ. ನಗೆ ಅಡಗಿತು, ಹೆಸರು ಮಾತ್ರ ಉಳಿಯಿತು.

ಬಲೂನು ಚೌಕಟ್ಟಿನ ಲಕ್ಷಣವೆಂದರೆ, ‘ಸ್ಟಡ್’ ಎಂಬ ನಿಲುಪಟ್ಟಿಗಳು ಅಡಿಪಾಯದ ಮೇಲಿನ ಮರದಿಂದ ಹೊರಟು, ನಡುವೆ ಎಲ್ಲಿಯೂ ತುಂಡಾಗದೆ, ಎರಡು ಅಂತಸ್ತನ್ನೂ ದಾಟಿ ಸೂರಿನವರೆಗೆ ಏರುವುದು. ಸಾಮಾನ್ಯವಾಗಿ 16 ಅಂಗುಲಕ್ಕೊಂದರಂತೆ ಅವು ನಿಲ್ಲುತ್ತವೆ. ಇಲ್ಲಿಯೇ ತೊಡಕು. ಕೆಳಗೋಡೆ ಮಹಡಿಯ ಮಟ್ಟದಲ್ಲಿ ಮುಗಿಯುವುದಾದರೆ ಅದರ ನೆತ್ತಿಯ ಮೇಲೆ ಜಂತೆಗಳನ್ನು ಇಡಬಹುದು. ಮುಗಿಯದೆ ಮೇಲೇರಿಹೋಗುವ ಗೋಡೆಗೆ ನೆತ್ತಿ ಎಲ್ಲಿಯದು?

ಬಡಗಿಗಳು ಕಂಡುಕೊಂಡ ಉಪಾಯ ಸರಳವಾದುದು. ಮಹಡಿಯ ಮಟ್ಟದಲ್ಲಿ ಪ್ರತಿಯೊಂದು ನಿಲುಪಟ್ಟಿಯ ಒಳಮುಖಕ್ಕೂ ಒಂದಂಗುಲ ಆಳದ ಕಚ್ಚು ಹಾಕಿದರು. ಆ ಕಚ್ಚುಗಳ ಸಾಲಿನಲ್ಲಿ ಒಂದಂಗುಲ ದಪ್ಪ, ನಾಲ್ಕರಿಂದ ಆರಂಗುಲ ಅಗಲದ ಹಲಗೆಯನ್ನು ಅಡ್ಡಲಾಗಿ ಕೂಡಿಸಿ ಮೊಳೆ ಹೊಡೆದರು. ಗೋಡೆಯ ಉದ್ದಕ್ಕೂ ನಾಡದಂತೆ ಹರಿಯುವ ಈ ಹಲಗೆಗೆ ‘ರಿಬ್ಬನ್’ ಎಂದೇ ಹೆಸರು. ಜಂತೆಯ ತುದಿ ಈ ರಿಬ್ಬನ್ನಿನ ಮೇಲೆ ಕೂರುತ್ತದೆ. ಪಕ್ಕದ ನಿಲುಪಟ್ಟಿಗೆ ಒತ್ತಿಕೊಂಡು ಮೊಳೆಗಳಿಂದ ಬಂಧಿತವಾಗುತ್ತದೆ. ಹಲಗೆ ಭಾರವನ್ನು ಹೊರುತ್ತದೆ, ಮೊಳೆ ಸಂಬಂಧವನ್ನು ಕಾಯುತ್ತದೆ.

ಮೊಳೆಯೊಂದೇ ಸಾಲದೆ ಎಂದು ಯಾರಾದರೂ ಕೇಳಬಹುದು. ಲೆಕ್ಕ ಹಾಕಿ ನೋಡೋಣ. 12 ಅಡಿ ಉದ್ದದ ಜಂತೆ 16 ಅಂಗುಲಕ್ಕೊಂದರಂತಿದ್ದರೆ, ಒಂದೊಂದರ ಪಾಲಿಗೂ 16 ಚದರಡಿ ನೆಲ ಬರುತ್ತದೆ. ಜನ, ಸಾಮಾನುಗಳಿಗೆಂದು ಚದರಡಿಗೆ 40 ಪೌಂಡು ಹಿಡಿಯುವುದು ಅಮೆರಿಕದ ಮನೆಗಳಲ್ಲಿ ರೂಢಿ. ಆಗ ಒಟ್ಟು 640 ಪೌಂಡು. ಒಂದೊಂದು ತುದಿಗೂ 320 ಪೌಂಡು, ಅಂದರೆ ಸುಮಾರು 145 ಕಿಲೋಗ್ರಾಂ. ನೆಲದ ಸ್ವಂತ ತೂಕ ಇದಕ್ಕೆ ಹೊರತು. ಇಷ್ಟನ್ನು ನಾಲ್ಕಾರು ಮೊಳೆಗಳ ಕತ್ತಿಗೆ ನೇತುಹಾಕಿದರೆ, ವರ್ಷಾನುವರ್ಷ ನಡೆದಾಟದ ಅದುರಿಗೆ ಅವು ಬಾಗಿಯಾವು, ತೂತು ಸಡಿಲಗೊಂಡೀತು, ಒಣಗಿದ ಮರದ ತುದಿ ಸೀಳೀತು. ಆಸರೆಯ ಮೇಲೆ ಕುಳಿತ ಜಂತೆಗೆ ಈ ಭಯವಿಲ್ಲ.

ಜಂತೆಗೂ ಗೋಡೆಗೂ ಇರುವ ಋಣ ಒಂದು ಕಡೆಯದಲ್ಲ. ಉದ್ದವಾದ ತೆಳು ಪಟ್ಟಿ ಭಾರ ಹೊತ್ತಾಗ ನಡುವೆ ಬಾಗಲು ಹವಣಿಸುತ್ತದೆ. ಎದುರುಬದುರಿನ ಗೋಡೆಗಳಿಗೆ ಬಿಗಿದ ಜಂತೆಗಳು ಅವುಗಳ ನಡುವನ್ನು ಹಿಡಿದು ನಿಲ್ಲಿಸುತ್ತವೆ. ಗೋಡೆ ಮಹಡಿಯನ್ನು ಹೊರುತ್ತದೆ. ಮಹಡಿ ಗೋಡೆಯನ್ನು ನೆಟ್ಟಗಿರಿಸುತ್ತದೆ.

ಈ ಕಟ್ಟಡಕ್ಕೆ ಇನ್ನೊಂದು ಗುಣವೂ ಉಂಟು. ಮರವು ಒಣಗುವಾಗ ಅಡ್ಡಕ್ಕೆ ಕುಗ್ಗುವಷ್ಟು ಉದ್ದಕ್ಕೆ ಕುಗ್ಗುವುದಿಲ್ಲ. ಇಲ್ಲಿಯ ಗೋಡೆಯ ಎತ್ತರವೆಲ್ಲ ಪಟ್ಟಿಯ ಉದ್ದವೇ ಆದುದರಿಂದ ಮನೆ ಕುಸಿಯುವುದು ಅತ್ಯಲ್ಪ, ಗಾರೆ ಬಿರಿಯುವುದೂ ಕಡಿಮೆ.

ಆದರೆ ಗುಣದ ಬೆನ್ನಿಗೇ ದೋಷ. ಎರಡು ನಿಲುಪಟ್ಟಿಗಳ ನಡುವಣ ಪೊಳ್ಳು ನೆಲಮಾಳಿಗೆಯಿಂದ ಅಟ್ಟದವರೆಗೆ ಎಡೆಬಿಡದೆ ಹೋಗುತ್ತದೆ. ಬೆಂಕಿಗೆ ಅದು ಸಿದ್ಧವಾದ ಹೊಗೆಗೂಡು! ಕೆಳಗೆ ಹೊತ್ತಿದ ಕಿಡಿ ಗೋಡೆಯೊಳಗೇ ಏರಿ, ಮನೆಯವರು ಅರಿಯುವ ಮೊದಲೇ ಸೂರಿಗೆ ತಗಲಬಲ್ಲದು. 1871ರ ಅಕ್ಟೋಬರ್ 8ರ ರಾತ್ರಿ ಷಿಕಾಗೋದಲ್ಲಿ ಎದ್ದ ಬೆಂಕಿ 17,000ಕ್ಕೂ ಹೆಚ್ಚು ಕಟ್ಟಡಗಳನ್ನು ನುಂಗಿತು. ಸುಮಾರು 300 ಜನ ಮಡಿದರು, ಸುಮಾರು ಒಂದು ಲಕ್ಷ ಜನ ನೆಲೆ ತಪ್ಪಿದರು. ಮಳೆಯಿಲ್ಲದ ದಿನಗಳು, ಬಿರುಗಾಳಿ, ಮರದ ಕಾಲುದಾರಿಗಳು ಇವೆಲ್ಲವೂ ಆ ಅನಾಹುತಕ್ಕೆ ಕಾರಣ. ಮರದ ಮನೆಗಳೇ ಕಿಕ್ಕಿರಿದ ಊರು ಅದಕ್ಕೆ ಉರುವಲಾಯಿತು.

ಪರಿಹಾರವೇನೂ ಕಷ್ಟದ್ದಲ್ಲ. ಮಹಡಿಯ ಮಟ್ಟದಲ್ಲಿ, ಜಂತೆಗಳು ಗೋಡೆಯನ್ನು ಸೇರುವೆಡೆಯಲ್ಲಿ, ಪ್ರತಿಯೊಂದು ಪೊಳ್ಳಿಗೂ ಎರಡಂಗುಲ ದಪ್ಪದ ಮರದ ತುಂಡನ್ನು ಬಿಗಿಯಾಗಿ ಕೂಡಿಸಿದರಾಯಿತು. ಬೆಂಕಿಯ ದಾರಿ ಅಲ್ಲಿಗೆ ಕಟ್ಟುತ್ತದೆ. ಇಪ್ಪತ್ತನೆಯ ಶತಮಾನದಲ್ಲಿ, ಒಂದೊಂದು ಅಂತಸ್ತಿನ ಗೋಡೆಯನ್ನೂ ಬೇರೆಯಾಗಿ ಎಬ್ಬಿಸುವ ಪದ್ಧತಿ ಬಲೂನು ಚೌಕಟ್ಟನ್ನು ಹಿಂದೆ ಸರಿಸಿತು. ಉದ್ದವಾದ ನೇರ ಮರ ದುರ್ಲಭವಾದುದು ಅದಕ್ಕೊಂದು ಕಾರಣ. ಅಂತಸ್ತಿಗೊಂದು ಅಡ್ಡಮರ ಬಂದು ಪೊಳ್ಳು ತಾನಾಗಿ ಮುಚ್ಚಿಹೋಗುವುದು ಇನ್ನೊಂದು ಅನುಕೂಲ.

ಹಳೆಯ ಬಲೂನು ಮನೆಗಳು ಇಂದಿಗೂ ನಿಂತಿವೆ, ಅವುಗಳಲ್ಲಿ ಸಂಸಾರಗಳು ಬಾಳುತ್ತಿವೆ. ಕೊಳಾಯಿಗಾಗಿಯೋ ವಿದ್ಯುತ್ತಿನ ತಂತಿಗಾಗಿಯೋ ರಿಬ್ಬನ್ನನ್ನು ಕತ್ತರಿಸಿದವರೂ, ತಡೆಮರವನ್ನು ಕಿತ್ತು ಮತ್ತೆ ಇಡದವರೂ ಉಂಟು. ದುರಸ್ತಿಗೆಂದು ಗೋಡೆ ಬಿಚ್ಚಿದ ದಿನವೇ ಮನೆಯೊಡೆಯ ಎರಡನ್ನು ನೋಡತಕ್ಕದ್ದು: ಜಂತೆಯ ಕೆಳಗೆ ಆಸರೆ ಇದೆಯೆ? ಪೊಳ್ಳಿನ ನಡುವೆ ತಡೆ ಇದೆಯೆ? ಮೇಲಿನ ಕೋಣೆಯಲ್ಲಿ ಮಲಗುವ ಮಕ್ಕಳ ಕ್ಷೇಮ ಈ ಎರಡು ತುಂಡು ಮರವನ್ನು ಅವಲಂಬಿಸಿದೆ. ಗೋಡೆ ಮುಚ್ಚಿದ ಮೇಲೆ ಅವನ್ನು ಯಾರೂ ಕಾಣರು.