ಡ್ರೈಯರಿನ ಹೊಗೆ ಎಷ್ಟು ಸುತ್ತು ಬರಬೇಕು?

ಕಾಫಿ ಕಣದಲ್ಲಿರುವಾಗಲೇ ಮೋಡ ಕವಿಯುವುದು ನಮಗೀಗ ಹೊಸತಲ್ಲ. ಅಡಿಕೆ ಬೇಯಿಸಿದವರ ಪಾಡೂ ಇದೇ. ಹೀಗಾಗಿ ಸೌದೆ ಉರಿಸುವ ಡ್ರೈಯರಿನ ಬಗ್ಗೆ ಸದಸ್ಯರು ವಿಚಾರಿಸುತ್ತಿದ್ದಾರೆ. ಕೊಳ್ಳುವ ಮುನ್ನ ನಮ್ಮ ಅನುಭವವನ್ನು ದಯವಿಟ್ಟು ಕೇಳಿ.

ಕೆಲವು ವರ್ಷಗಳ ಹಿಂದೆ ನಾವು ಮೂರು ಸುತ್ತಿನ ಯಂತ್ರವೊಂದನ್ನು ಹಾಕಿಸಿದೆವು. ಸೌದೆ ಕಡಿಮೆ ಹಿಡಿಯಿತು, ನಿಜ. ಆದರೆ ಎರಡನೆಯ ಹಂಗಾಮಿನಲ್ಲಿ ಒಲೆಯ ಬಾಯಿಂದಲೇ ಹೊಗೆ ಬರತೊಡಗಿತು. ಪಾರ್ಚ್‌ಮೆಂಟಿಗೆ ಹೊಗೆವಾಸನೆ ಹತ್ತಿ ಬೆಲೆ ಬಿದ್ದುಹೋಯಿತು. ಬಿಚ್ಚಿ ನೋಡಿದರೆ ಕೊಳವೆಗಳ ತುಂಬ ಮಸಿ; ಒಂದು ಕೊಳವೆ ತುಕ್ಕು ತಿಂದು ತೂತಾಗಿತ್ತು.

ಇದರ ರಚನೆ ಸರಳ. ದೊಡ್ಡ ಪೆಟ್ಟಿಗೆಯೊಳಗೆ ಕೊಳವೆಗಳ ಸಾಲು. ಕೊಳವೆಯೊಳಗೆ ಹೊಗೆ, ಹೊರಗೆ ಶುದ್ಧ ಗಾಳಿ, ಎರಡೂ ಬೆರೆಯಬಾರದು. ಒಂದೇ ಸುತ್ತಿನದಾದರೆ ಹೊಗೆ ಎಲ್ಲ ಕೊಳವೆಗಳಲ್ಲೂ ಒಟ್ಟಿಗೆ ಹಾದು ಚಿಮಣಿ ಸೇರುತ್ತದೆ. ತುದಿಯ ಡಬ್ಬಿಯಲ್ಲಿ ಅಡ್ಡತಗಡು ಹಾಕಿದರೆ ಅರ್ಧ ಕೊಳವೆಗಳಲ್ಲಿ ಹೋಗಿ, ಉಳಿದರ್ಧದಲ್ಲಿ ಹಿಂತಿರುಗುತ್ತದೆ. ಇದೇ ಎರಡು ಸುತ್ತು.

ಕೊಳವೆಗಳ ಸಂಖ್ಯೆ ಅಷ್ಟೇ ಇದ್ದು ಸುತ್ತು ಎರಡಾದರೆ ಹೊಗೆಯ ವೇಗ ಇಮ್ಮಡಿಯಾಗುತ್ತದೆ. ಕೊಳವೆಯ ಗೋಡೆಗೆ ಶಾಖ ಕೊಡುವ ಶಕ್ತಿ ಸುಮಾರು 1.7 ಪಟ್ಟು ಏರುತ್ತದೆ. ಆದರೆ ಹೊಗೆಗೆ ಆಗುವ ತಡೆ ಸುಮಾರು 8 ಪಟ್ಟು! ಮೂರು ಸುತ್ತಾದರೆ ತಡೆ ಸುಮಾರು 27 ಪಟ್ಟು. ಬರಿಯ ಚಿಮಣಿಯ ಸೆಳೆತ ಇದಕ್ಕೆ ಸಾಲದೆ ಹೋಗಬಹುದು. ಹಸಿ ಸೌದೆಯ ಹೊಗೆ ಕೊನೆಯ ಸುತ್ತಿನಲ್ಲಿ ಅತಿಯಾಗಿ ತಣಿದರೆ ಅದರ ನೀರು, ಅಂಟು ಕೊಳವೆಗೆ ಹತ್ತಿ ಕಬ್ಬಿಣ ತಿನ್ನುತ್ತದೆ. ನಮ್ಮಲ್ಲಿ ಆದದ್ದು ಇದೇ.

ಆದುದರಿಂದ ಸದಸ್ಯರು ಈ ಅಂಶಗಳನ್ನು ಗಮನಿಸಬೇಕು:

1. ಮೂರು ಸುತ್ತು ಬೇಕೆಂದರೆ ಹೊಗೆ ಎಳೆಯಲು ಬೇರೆ ಫ್ಯಾನು ಇದೆಯೇ ಕೇಳಿ. ಇಲ್ಲದಿದ್ದರೆ ಎರಡು ಸುತ್ತು ಸಾಕು.

2. ತಣ್ಣನೆಯ ಗಾಳಿ ಹೊಗೆಯ ಕೊನೆಯ ಸುತ್ತಿನ ಕಡೆಯಿಂದ ಒಳಹೊಕ್ಕು, ಅಡ್ಡತಗಡುಗಳ ನಡುವೆ ಅಂಕುಡೊಂಕಾಗಿ ಹರಿದು, ಒಲೆಯ ಕಡೆಯಿಂದ ಹೊರಬರಬೇಕು.

3. ಗಾಳಿಯ ಫ್ಯಾನು ಕೊಳವೆಗಳ ಹಿಂದಿದ್ದು ಗಾಳಿಯನ್ನು ತಳ್ಳಬೇಕು. ಆಗ ತೂತು ಬಿದ್ದರೂ ಗಾಳಿಯೇ ಹೊಗೆಯತ್ತ ನುಗ್ಗುತ್ತದೆ. ನಮ್ಮ ಫ್ಯಾನು ಮುಂದಿನಿಂದ ಎಳೆಯುತ್ತಿತ್ತು. ಹೊಗೆಯನ್ನೂ ಎಳೆದು ಕಾಫಿಗೆ ಉಣಿಸಿತು.

4. ಹೊಗೆ ತಿರುಗುವ ಪ್ರತಿ ಡಬ್ಬಿಗೂ ಬಿಚ್ಚುವ ಬಾಗಿಲಿರಲಿ. ಬಾಗಿಲಿಲ್ಲದಿದ್ದರೆ ಮಸಿ ತೆಗೆಯುವುದು ಹೇಗೆ?

ಎಷ್ಟು ಸುತ್ತೆಂದು ಕೇಳುವ ಮೊದಲು ಗುಡಿಸಲು ದಾರಿ ಎಲ್ಲಿ ಎಂದು ಕೇಳಿರಿ. ಉಳಿಸಿದ ಸೌದೆಗಿಂತ ಕೆಟ್ಟ ಕಾಫಿಯ ಬೆಲೆ ಹೆಚ್ಚೆಂಬುದನ್ನು ನಾವು ಹಣ ಕೊಟ್ಟು ಕಲಿತಿದ್ದೇವೆ.