ದುರ್ಯೋಧನನ ಶ್ರುತಿಗೆ ಯಾವ ಕೀಬೋರ್ಡ್?

ತುಮಕೂರು ಜಿಲ್ಲೆಯ ಕೊಳಾಲ ಹೋಬಳಿಯಲ್ಲಿ ರಾಗಿ ಒಕ್ಕಣೆ ಮುಗಿದು ಜಾತ್ರೆ, ಪರಿಷೆಗಳು ಶುರುವಾದವೆಂದರೆ ಸರ್ಕಲ್ಲುಗಳಲ್ಲಿ ನಾಟಕದ ಫ್ಲೆಕ್ಸುಗಳು ಏಳುತ್ತವೆ. ಹೆಚ್ಚಿನವು ‘ಕುರುಕ್ಷೇತ್ರ’ದವು. ಕಿರೀಟ ತೊಟ್ಟ ಫೋಟೊಗಳ ಕೆಳಗಿನ ಹೆಸರುಗಳು ಊರವರದ್ದೇ: ತೋಟದವರು, ಮೇಷ್ಟ್ರು, ಲಾರಿ ಇಟ್ಟವರು, ಪಂಚಾಯ್ತಿ ಸದಸ್ಯರು. ಪಾತ್ರಕ್ಕಿಷ್ಟು ಎಂದು ದುಡ್ಡು ಕಟ್ಟಿ, ತಿಂಗಳುಗಟ್ಟಲೆ ಡ್ರಾಮಾ ಮಾಸ್ಟರ ಮುಂದೆ ಕೂತು ಕಂದ, ವೃತ್ತ, ಮಟ್ಟುಗಳನ್ನು ಗಂಟಲಿಗಿಳಿಸಿಕೊಂಡು, ಒಂದು ರಾತ್ರಿಗಾಗಿ ಬಣ್ಣ ಹಚ್ಚುತ್ತಾರೆ. ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡ ನಾಲ್ಕೂ ತಾಲ್ಲೂಕುಗಳಲ್ಲಿ ಈ ಹುಚ್ಚು ಇಂದಿಗೂ ಇಳಿದಿಲ್ಲ. ಪಾವಗಡದ ಗಡಿ ದಾಟಿದರೆ ತೆಲುಗಿನ ಪದ್ಯನಾಟಕ. ಅಲ್ಲೂ ರಾಗಾಲಾಪ, ಅಲ್ಲೂ ಬೆಳಗಿನ ಜಾವದವರೆಗೆ ‘ಒನ್ಸ್ ಮೋರ್’.

ಈ ರಂಗದ ಯಜಮಾನಿಕೆ ಹಾರ್ಮೋನಿಯಂ ಮಾಸ್ಟರದ್ದು. ಈಚೆಗೆ ಅವರ ಪಕ್ಕಕ್ಕೆ ಕೀಬೋರ್ಡು, ತಬಲದ ಪಕ್ಕಕ್ಕೆ ರಿದಮ್ ಪ್ಯಾಡು ಬಂದು ಕೂತಿವೆ. ಪ್ರತಿ ಸಲ ಬಾಡಿಗೆಗೆ ಕರೆಸುವ ಬದಲು ಮಂಡಳಿಯದ್ದೇ ಒಂದು ಇರಲಿ ಎಂದು ಹೊರಟವರಿಗೆ ಅಂಗಡಿಯಲ್ಲಿ ಮೊದಲು ಕೇಳಿಸುವುದು ಲೆಕ್ಕ: ಇಷ್ಟು ನೂರು ಟೋನು, ಇಷ್ಟು ನೂರು ರಿದಮ್ಮು. ಆ ಲೆಕ್ಕವನ್ನು ಕೊನೆಗೆ ನೋಡಿದರಾಯಿತು. ಮೊದಲು ಕೇಳಿಕೊಳ್ಳಬೇಕಾದ್ದು ಎರಡೇ. ಯಾರ ಗಂಟಲಿಗೆ ಜೊತೆ ಕೊಡಬೇಕು? ಎಲ್ಲಿ ನುಡಿಸಬೇಕು?

ಹಾರ್ಮೋನಿಯಂ ಹಾಕಿಕೊಟ್ಟ ಅಳತೆ

ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಮಂಡಳಿ ಮುಂದೆ ಗುಬ್ಬಿ ವೀರಣ್ಣನವರ (1891–1972) ಕೈಯಲ್ಲಿ ನಾಡಿಗೆಲ್ಲ ‘ಗುಬ್ಬಿ ಕಂಪನಿ’ ಆಯಿತು. 1934ರಲ್ಲಿ ಅವರು ಆಡಿಸಿದ ‘ಕುರುಕ್ಷೇತ್ರ’ಕ್ಕೆ ಆನೆ, ಕುದುರೆಗಳನ್ನೇ ರಂಗಕ್ಕೆ ತಂದರು. ಅಂಥ ಕಂಪನಿಗಳ ದನಿಯೆಂದರೆ ಕಾಲು ಹಾರ್ಮೋನಿಯಂ. 1842ರಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂಡ್ರ್ ದೆಬೆಂ ಪೇಟೆಂಟ್ ಪಡೆದ ವಾದ್ಯ ಇಲ್ಲಿಗೆ ಬಂದು, ಕೋಲ್ಕತ್ತದಲ್ಲಿ ಕೈತಿದಿಯ ಪೆಟ್ಟಿಗೆಯಾಗಿ ಮಾರ್ಪಟ್ಟರೂ, ಕನ್ನಡದ ಕಂಪನಿಗಳು ಕಾಲಲ್ಲಿ ತುಳಿಯುವ ಬಗೆಯನ್ನು ಬಿಡಲಿಲ್ಲ. ತಿದಿ ಕಾಲಿಗೆ ಹೋದರೆ ಎರಡೂ ಕೈ ಮನೆಗಳ ಮೇಲೆ ಆಡಬಹುದಲ್ಲ! ಕಂಪನಿ ನಾಟಕದ ಮಟ್ಟುಗಳನ್ನು ಹೊಸ ತಲೆಮಾರಿಗೆ ದಾಟಿಸಿದ ಆರ್. ಪರಮಶಿವನ್ ಅವರ ಹೆಸರು ಕಾಲು ಹಾರ್ಮೋನಿಯಂ ಜೊತೆಗೇ ನೆನಪಾಗುತ್ತದೆ.

ಸ್ವರಗಳ ನಡುವಿನ ಎಳೆತ ಇದಕ್ಕೆ ಬರುವುದಿಲ್ಲವೆಂದು ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂಗೆ ಬಾಗಿಲು ಹಾಕಿತು. ಮತ್ತೆ ತೆರೆಯಲು 1971ರವರೆಗೆ ಕಾಯಬೇಕಾಯಿತು. ಆ ಮೂರು ದಶಕಗಳಲ್ಲೂ ನಾಟಕದ ರಂಗ ಅದನ್ನು ಕೈಬಿಡಲಿಲ್ಲ. ಕಾರಣ ಸರಳ. ಅದು ಮೈಕಿಲ್ಲದೆ ಹಿಂದಿನ ಸಾಲಿಗೂ ಕೇಳಿಸುತ್ತದೆ. ನಟ ಉಸಿರು ಹಿಡಿದಷ್ಟು ಹೊತ್ತೂ ಸ್ವರ ನಿಲ್ಲುತ್ತದೆ. ಯಾರ ಶ್ರುತಿಯಾದರೇನು, ಮಾಸ್ಟರ ಬೆರಳು ಅಲ್ಲಿಗೆ ಸರಿಯುತ್ತದೆ. ಅದರ ಪಕ್ಕ ಕೂರಲು ಬಂದ ಕೀಬೋರ್ಡನ್ನು ಅಳೆಯಬೇಕಾದ್ದೂ ಈ ಗುಣಗಳಿಂದಲೇ.

ಐದು ಸಪ್ತಕ ಸಾಕು

ಸಾಮಾನ್ಯ ಕೈ ಹಾರ್ಮೋನಿಯಂಗೆ ಮೂರರಿಂದ ಮೂರೂವರೆ ಸಪ್ತಕ. 61 ಮನೆಗಳ ಕೀಬೋರ್ಡಿಗೆ ಐದು ಸಪ್ತಕ. ನಾಟಕದ ಹಾಡಿಗೆ, ಭಜನೆಗೆ, ಆರ್ಕೆಸ್ಟ್ರಾಕ್ಕೆ ಇದು ಧಾರಾಳ. 88 ಮನೆಗಳಿದ್ದರೆ ಘನತೆ ಎಂಬ ಭ್ರಮೆಯಲ್ಲಿ ದೊಡ್ಡದಕ್ಕೆ ಕೈಹಾಕಿದ ಮಂಡಳಿಗೆ ಮೊದಲು ತಟ್ಟುವುದು ತೂಕ. ಯಮಾಹಾ ಪಿ-45 ಎಂಬ ಸಾಧಾರಣ ಡಿಜಿಟಲ್ ಪಿಯಾನೊ 11.5 ಕಿಲೊ ಇದೆ. ರೋಲ್ಯಾಂಡ್ ಎಫ್‌ಪಿ-10 ಹನ್ನೆರಡು ದಾಟುತ್ತದೆ. ನಮ್ಮ ಆರ್ಕೆಸ್ಟ್ರಾಗಳಲ್ಲಿ ಬಲು ಬಳಕೆಯಲ್ಲಿರುವ ರೋಲ್ಯಾಂಡ್ ಎಕ್ಸ್‌ಪಿಎಸ್-10 ಸುಮಾರು 4 ಕಿಲೊ. ಬೈಕಿನ ಹಿಂದೆ ಕೂತು ಮಡಿಲಲ್ಲಿಟ್ಟುಕೊಂಡು ಮಧುಗಿರಿಯಿಂದ ಹಳ್ಳಿಗೆ ಬರುವವರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಆಮೇಲೆ ಶ್ರುತಿ. ಒಂದೇ ರಾತ್ರಿಯಲ್ಲಿ ಕೃಷ್ಣನಿಗೊಂದು, ದುರ್ಯೋಧನನಿಗೊಂದು, ದ್ರೌಪದಿಗೊಂದು ಶ್ರುತಿ. ಒಬ್ಬರು ಕಪ್ಪು ಒಂದರಲ್ಲಿ ಎತ್ತಿದರೆ ಮುಂದಿನ ದೃಶ್ಯದವರು ಬಿಳಿ ನಾಲ್ಕರಲ್ಲಿ ಎತ್ತುತ್ತಾರೆ. ಹಳೆಯ ಮಾಸ್ಟರುಗಳು ಎಲ್ಲ ಮನೆಯಿಂದಲೂ ಎಲ್ಲ ರಾಗ ನುಡಿಸುತ್ತಾರೆ. ಹೊಸಬರು ಟ್ರಾನ್ಸ್‌ಪೋಸ್ ಗುಂಡಿ ಒತ್ತುತ್ತಾರೆ, ತಪ್ಪೇನೂ ಇಲ್ಲ. ಆದರೆ ಆ ಗುಂಡಿ ಎಲ್ಲಿದೆ ಎಂಬುದು ಮುಖ್ಯ. ಮುಖದ ಮೇಲೇ ಬೇರೆಯಾಗಿ ಇದ್ದರೆ ಒಳ್ಳೆಯದು. ಮೆನುವಿನೊಳಗೆ ಮೂರು ಪುಟ ಹೊಕ್ಕು ಹುಡುಕಬೇಕಾದರೆ ಅಷ್ಟರಲ್ಲಿ ಭೀಮ ಬಂದು ತೊಡೆ ತಟ್ಟಿ ಹೋಗಿರುತ್ತಾನೆ. ಟೋನು, ಶ್ರುತಿ, ದನಿಮಟ್ಟ ಎಲ್ಲವನ್ನೂ ಒಂದೇ ಗುಂಡಿಗೆ ಕಟ್ಟಿಡುವ ರಿಜಿಸ್ಟ್ರೇಶನ್ ಸೌಲಭ್ಯವಿದ್ದರೆ ಪಾತ್ರಕ್ಕೊಂದು ಗುಂಡಿ ಎಂದು ನಾಟಕಕ್ಕೆ ಮೊದಲೇ ಸಜ್ಜುಮಾಡಿಕೊಳ್ಳಬಹುದು. ಸಾವಿರ ಟೋನುಗಳಿಗಿಂತ ಇಂಥ ಎಂಟು ಗುಂಡಿಗಳು ಹೆಚ್ಚು ಉಪಯೋಗ.

ತಿದಿ ಮತ್ತೆ ಕಾಲಿಗೆ

ಅಂಗಡಿಯಲ್ಲಿ ಕೀಬೋರ್ಡು ಹಚ್ಚಿದ ಕೂಡಲೇ ಬರುವುದು ಪಿಯಾನೊ ದನಿ. ಕಿವಿಗೆ ಇಂಪು. ಆದರೆ ಪಿಯಾನೊ ಸ್ವರ ಒತ್ತಿದ ಕ್ಷಣದಿಂದ ಕರಗತೊಡಗುತ್ತದೆ. ಕಂದಪದ್ಯದ ಕೊನೆಗೆ ನಟ ಆಲಾಪ ಎಳೆದರೆ ಅವನ ಕೆಳಗೆ ನಿಲ್ಲುವುದಿಲ್ಲ. ಅಲ್ಲಿ ಬೇಕಾದ್ದು ಹಾರ್ಮೋನಿಯಂ, ಅಕಾರ್ಡಿಯನ್, ಕ್ಲಾರಿಯೊನೆಟ್, ಪಿಟೀಲು ಗುಂಪಿನಂಥ ನಿಲ್ಲುವ ದನಿಗಳು. ಇವುಗಳಲ್ಲಿ ಮನೆಯನ್ನು ಜೋರಾಗಿ ಒತ್ತಿದರೆ ಆರಂಭ ಜೋರಾದೀತು. ಆಮೇಲೆ ಏರಿಳಿತ ಬೆರಳಿನ ಕೈಯಲ್ಲಿಲ್ಲ. ಹಾರ್ಮೋನಿಯಂನಲ್ಲಿ ಆ ಕೆಲಸ ತಿದಿಯದ್ದು. ಕೀಬೋರ್ಡಿನಲ್ಲಿ ಅದನ್ನು ಮಾಡುವುದು ಎಕ್ಸ್‌ಪ್ರೆಶನ್ ಪೆಡಲ್. ಪಾದವನ್ನು ಮುಂದಕ್ಕೆ ಒತ್ತಿದರೆ ದನಿ ಏರುತ್ತದೆ, ಹಿಂದಕ್ಕೆ ತಂದರೆ ಇಳಿಯುತ್ತದೆ. ಕಾಲು ಹಾರ್ಮೋನಿಯಂ ಬಲ್ಲವರಿಗೆ ಇದರ ಮೇಲೆ ಹಿಡಿತ ಬೇಗ ಸಿಗುತ್ತದೆ.

ಹಾಗಾಗಿ ಕೀಬೋರ್ಡನ್ನು ತಿರುಗಿಸಿ ಹಿಂಬದಿ ನೋಡುವುದನ್ನು ಮರೆಯಬಾರದು. ಕಡಿಮೆ ಬೆಲೆಯವುಗಳಲ್ಲಿ ಸಸ್ಟೇನ್ ಪೆಡಲಿಗೆ ಮಾತ್ರ ತೂತು ಇರುತ್ತದೆ. ಅದು ಸ್ವರವನ್ನು ಹಿಡಿದು ನಿಲ್ಲಿಸುತ್ತದೆ, ಏರಿಸಿ ಇಳಿಸುವುದಿಲ್ಲ. ಎಕ್ಸ್‌ಪ್ರೆಶನ್‌ಗೂ ಜಾಗ ಇದೆಯೇ ಎಂದು ಬಾಯಿಬಿಟ್ಟು ಕೇಳಬೇಕು. ಇಲ್ಲದಿದ್ದರೆ ಮೈಕ್‌ಸೆಟ್ಟಿನ ಹುಡುಗ ಬೆಳಗಿನವರೆಗೆ ನಿಮ್ಮ ದನಿಯನ್ನು ಏರಿಸುತ್ತಾ ಇಳಿಸುತ್ತಾ ಕೂರಬೇಕು.

ಗಾಂಧಾರದ 14 ಸೆಂಟು

ಆಕಾಶವಾಣಿಯ ಹಳೆಯ ತಕರಾರಿಗೆ ಕೀಬೋರ್ಡಿನಲ್ಲಿ ಅರ್ಧ ಪರಿಹಾರವಿದೆ. ಎಡಬದಿಯ ಪಿಚ್ ಬೆಂಡ್ ಚಕ್ರ ಅಥವಾ ಸನ್ನೆಗೋಲು ಸ್ವರವನ್ನು ಸಾಮಾನ್ಯವಾಗಿ ಎರಡು ಅರ್ಧಸ್ವರದಷ್ಟು ಮೇಲೆ ಕೆಳಗೆ ಎಳೆಯುತ್ತದೆ. ಬಲಗೈ ಮನೆಯ ಮೇಲೆ, ಎಡಗೈ ಚಕ್ರದ ಮೇಲೆ ಇಟ್ಟು ಗಮಕ ತರುವ ಈ ವಿದ್ಯೆಯಿಂದಲೇ ಚೆನ್ನೈನ ಕೆ. ಸತ್ಯನಾರಾಯಣನ್ ಕರ್ನಾಟಕ ಸಂಗೀತದ ಕಛೇರಿಯನ್ನೇ ಕೀಬೋರ್ಡಿನಲ್ಲಿ ನಡೆಸಿ ತೋರಿಸಿದ್ದಾರೆ. ಯಮಾಹಾ, ಕ್ಯಾಸಿಯೊಗಳಲ್ಲಿ ಚಕ್ರ ಹೆಚ್ಚು, ರೋಲ್ಯಾಂಡಿನಲ್ಲಿ ಅಡ್ಡಕ್ಕೆ ಆಡುವ ಸನ್ನೆಗೋಲು. ಯಾವುದು ಕೈಗೆ ಒಗ್ಗುತ್ತದೋ ಅದೇ ಸರಿ. ಆದರೆ ಎರಡೂ ಇಲ್ಲದ ಮಾಡೆಲ್ಲುಗಳಿವೆ. ಅವನ್ನು ನಾಟಕಕ್ಕೆ ತರಬೇಡಿ.

ಇನ್ನೊಂದು ಸೂಕ್ಷ್ಮ. ಕೀಬೋರ್ಡು ಸಪ್ತಕವನ್ನು ಹನ್ನೆರಡು ಸಮ ಭಾಗ ಮಾಡಿರುತ್ತದೆ. ಒಂದೊಂದು ಭಾಗಕ್ಕೆ 100 ಸೆಂಟು. ಷಡ್ಜದಿಂದ ಅಂತರ ಗಾಂಧಾರ ಹೀಗೆ 400 ಸೆಂಟಿಗೆ ಬೀಳುತ್ತದೆ. ತಂಬೂರಿಯ ನಾದದಲ್ಲಿ ತಾನಾಗಿ ಮೊಳಗುವ ಗಾಂಧಾರ 386ರ ಬಳಿ. ಆ 14 ಸೆಂಟಿನ ಅಂತರವೇ ಒಳ್ಳೆಯ ಕಿವಿಗೆ ಚುಚ್ಚುವುದು. ಒಂದೊಂದು ಸ್ವರವನ್ನೂ ಬೇರೆಬೇರೆಯಾಗಿ ಏರಿಸಿ ಇಳಿಸುವ ಸ್ಕೇಲ್ ಟ್ಯೂನಿಂಗ್ ಹಲವು ಕೀಬೋರ್ಡುಗಳಲ್ಲಿ ಇದೆ. ಆದರೆ ಪಕ್ಕದಲ್ಲಿ ಹಾರ್ಮೋನಿಯಂ ಇದ್ದರೆ ಈ ಸ್ಕೇಲ್ ಟ್ಯೂನಿಂಗನ್ನು ಮುಟ್ಟುವ ಹಾಗಿಲ್ಲ. ಎರಡರ ಸ್ವರಗಳೂ ಒಂದೇ ಕಡೆ ನಿಂತಿರಬೇಕು. ಬದಲಿಗೆ ಇಡೀ ಕೀಬೋರ್ಡಿನ ಶ್ರುತಿಯನ್ನು ಹಾರ್ಮೋನಿಯಂಗೆ ಕೂಡಿಸಿಕೊಳ್ಳುವುದು ಕಡ್ಡಾಯ. ಹಳೆಯ ರೀಡುಗಳು 440 ಹರ್ಟ್ಸ್‌ನ ಲೆಕ್ಕಕ್ಕೆ ಸರಿಯಾಗಿ ಕೂತಿರುವುದು ಅಪರೂಪ. ರೀಡನ್ನು ಕೆರೆದು ಶ್ರುತಿ ಮಾಡಲು ಕುಶಲಿಗರೇ ಬೇಕು. ಕೀಬೋರ್ಡಿನಲ್ಲಿ ಮಾಸ್ಟರ್ ಟ್ಯೂನಿಂಗ್ ಅಂಕಿ ಬದಲಿಸಿದರೆ ಮುಗಿಯಿತು. ಬಗ್ಗಬೇಕಾದ್ದು ಕೀಬೋರ್ಡೇ.

ಕರೆಂಟು, ಧೂಳು, ಇಬ್ಬನಿ

ಪಾವಗಡದ ತಿರುಮಣಿ ಸುತ್ತ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಇದೆ. ಆದರೂ ಜಾತ್ರೆಯ ರಂಗ ನಡೆಯುವುದು ಬಹುಪಾಲು ಜನರೇಟರ್ ಮೇಲೆ. ಅದು ಒಮ್ಮೆ ಕೆಮ್ಮಿತೆಂದರೆ ಹಾರ್ಮೋನಿಯಂ, ತಬಲ ನಡೆಯುತ್ತಲೇ ಇರುತ್ತವೆ, ಕೀಬೋರ್ಡು ಆರಿಹೋಗುತ್ತದೆ. ಮತ್ತೆ ಹತ್ತಿದಾಗ ಟ್ರಾನ್ಸ್‌ಪೋಸ್ ಸಾಮಾನ್ಯವಾಗಿ ಸೊನ್ನೆಗೆ ಮರಳಿರುತ್ತದೆ. ಇದನ್ನು ಗಮನಿಸದೆ ಕೈಯಿಟ್ಟರೆ ಕರ್ಣ ಒಂದು ಶ್ರುತಿ, ಕೀಬೋರ್ಡು ಇನ್ನೊಂದು. ಬ್ಯಾಟರಿಯಲ್ಲೂ ನಡೆಯುವ ಕೀಬೋರ್ಡಿಗೆ ಇಲ್ಲಿ ಬೆಲೆ ಹೆಚ್ಚು. ಯಮಾಹಾದ ಪಿಎಸ್‌ಆರ್-ಇ ಸಾಲಿನ ಸಣ್ಣವು ಆರು ಪೆನ್ಸಿಲ್ ಸೆಲ್ಲಿನಲ್ಲಿ ನಡೆಯುತ್ತವೆ; ಕೋರ್ಗ್ ಕ್ರಾಸ್-2ನಂಥ ರಂಗದ ಕೀಬೋರ್ಡಿಗೂ ಆರು ಸೆಲ್ ಸಾಕು. ಬ್ಯಾಟರಿ ಇಲ್ಲದಿದ್ದರೆ ಕಂಪ್ಯೂಟರಿನ ಸಣ್ಣ ಯುಪಿಎಸ್ ಒಂದನ್ನು ಜೊತೆಗಿಡಿ.

ಅಡಾಪ್ಟರ್ ವಿಷಯದಲ್ಲಿ ಹೇಗೋ ನಡೆಯುತ್ತದೆ ಎನ್ನಬೇಡಿ. ಒಂದು ಕಂಪನಿಯದಕ್ಕೆ ಮಧ್ಯದ ತುದಿ ಧನ, ಇನ್ನೊಂದರದಕ್ಕೆ ಋಣ, ವೋಲ್ಟೇಜೂ ಬೇರೆ. ತೂತಿಗೆ ಹೊಂದಿತೆಂದು ಮೊಬೈಲ್ ಅಂಗಡಿಯದನ್ನು ಚುಚ್ಚಿ ಬೋರ್ಡು ಸುಟ್ಟುಕೊಳ್ಳುವುದು ದುಬಾರಿ ಪಾಠ.

ದನಿ ಹೊರಗೆ ಹೋಗುವ ದಾರಿಯನ್ನೂ ನೋಡಬೇಕು. ಎಕ್ಸ್‌ಪಿಎಸ್-10ರಂಥವುಗಳಿಗೆ ಸ್ವಂತ ಸ್ಪೀಕರ್ ಇಲ್ಲ. ತಾಲೀಮಿನ ಮನೆಯಲ್ಲೂ ಒಂದು ಆಂಪ್ಲಿಫೈಯರ್ ಬೇಕು. ಸ್ಪೀಕರ್ ಇರುವ ಅಗ್ಗದವುಗಳಲ್ಲಿ ಹೆಡ್‌ಫೋನಿನ ತೂತೇ ಹೊರದಾರಿ; ರಂಗಕ್ಕೆ ನಡೆಯುತ್ತದೆ, ಗುಂಯ್‌ಗುಡುವ ಸಾಧ್ಯತೆ ಹೆಚ್ಚು. ವೈರ್ ಉದ್ದವಾದಷ್ಟೂ ಆ ಗುಂಯ್ ಏರುತ್ತದೆ. ನಡುವೆ ಡಿಐ ಬಾಕ್ಸ್ ಎಂಬ ಸಣ್ಣ ಪೆಟ್ಟಿಗೆ ಹಾಕಿದರೆ ಬಹುಪಾಲು ತಗ್ಗುತ್ತದೆ. ಇನ್ನು ಬಯಲುಸೀಮೆಯ ಧೂಳು, ರಾತ್ರಿಯ ಇಬ್ಬನಿ, ಲೈಟಿಗೆ ಮುತ್ತುವ ಹುಳ. ಮನೆಗಳ ಕೆಳಗೆ ರಬ್ಬರಿನ ಸಂಪರ್ಕಪಟ್ಟಿ ಇರುತ್ತದೆ. ಅದರಲ್ಲಿ ಧೂಳು ಕೂತಾಗಲೇ ಕೆಲವು ಮನೆ ಮೂಕವಾಗುವುದು, ಕೆಲವು ಇದ್ದಕ್ಕಿದ್ದಂತೆ ಕಿರುಚುವುದು. ಬಟ್ಟೆಯ ಹೊದಿಕೆಗೆ ಖರ್ಚು ಕಡಿಮೆ, ಲಾಭ ಹೆಚ್ಚು.

ಮಗಳಿಗೆ ಪಿಯಾನೊ ಬೇಕೆಂದರೆ

ಇಷ್ಟೂ ಲೆಕ್ಕ ತಲೆಕೆಳಗಾಗುವ ಜಾಗ ಒಂದಿದೆ. ತುಮಕೂರಿನಲ್ಲೋ ಬೆಂಗಳೂರಿನಲ್ಲೋ ಪಾಶ್ಚಾತ್ಯ ಪಿಯಾನೊ ಪಾಠಕ್ಕೆ ಸೇರಿದ ಮಗುವಿಗೆ ನಾಟಕದ ಕೀಬೋರ್ಡು ಕೊಡಿಸಿದರೆ ಅದರ ಬೆರಳಿಗೆ ಬೇಕಾದ್ದು ಸಿಗುವುದಿಲ್ಲ. ಪಿಯಾನೊದಲ್ಲಿ ಒಂದೊಂದು ಮನೆಯೂ ಒಳಗೆ ಒಂದು ಸುತ್ತಿಗೆಯನ್ನು ಎಸೆಯುತ್ತದೆ. ಎಸೆದ ವೇಗದಷ್ಟೇ ದನಿ. ಡಿಜಿಟಲ್ ಪಿಯಾನೊ ಆ ಭಾರವನ್ನು ಅನುಕರಿಸುತ್ತದೆ. ಮಂದ್ರದ ಕಡೆ ಮನೆ ಭಾರ, ತಾರದ ಕಡೆ ಹಗುರ. ಹಗುರ ಮನೆಯ ಮೇಲೆ ಪಳಗಿದ ಬೆರಳು ನಿಜವಾದ ಪಿಯಾನೊ ಮುಂದೆ ಸೋಲುತ್ತದೆ. ಆದ್ದರಿಂದ ಇಲ್ಲಿ ‘ಹ್ಯಾಮರ್ ಆ್ಯಕ್ಷನ್’ ಎಂದು ಸ್ಪಷ್ಟವಾಗಿ ಬರೆದಿರುವ 88 ಮನೆಗಳದ್ದೇ ಬೇಕು. ‘ಸೆಮಿ ವೇಟೆಡ್’ ಎಂದರೆ ಸ್ಪ್ರಿಂಗಿನ ಬಿಗಿ ಮಾತ್ರ, ಸುತ್ತಿಗೆಯ ಭಾರವಲ್ಲ.

ಪಾಲಿಫೊನಿ, ಅಂದರೆ ಒಮ್ಮೆಗೆ ಎಷ್ಟು ಸ್ವರ ಮೊಳಗಬಲ್ಲವು ಎಂಬುದು, ಆರಂಭಕ್ಕೆ 64 ಇದ್ದರೆ ಸಾಲುತ್ತದೆ. ಸಸ್ಟೇನ್ ಪೆಡಲು ಜೊತೆಗೆ ಬರುವ ಪುಟ್ಟ ಚೌಕವಾಗಿದ್ದರೆ ನೆಲದಲ್ಲಿ ಜಾರುತ್ತದೆ. ಬೇರೆಯದನ್ನು ಕೊಳ್ಳುವುದು ಲೇಸು. ಮತ್ತೊಂದು ಎಚ್ಚರ: ಟ್ರಿನಿಟಿ ಸಂಸ್ಥೆ ನಡೆಸುವ ಗ್ರೇಡ್ ಪರೀಕ್ಷೆಗಳಲ್ಲಿ ಪಿಯಾನೊ ಬೇರೆ, ಎಲೆಕ್ಟ್ರಾನಿಕ್ ಕೀಬೋರ್ಡ್ ಬೇರೆ. ಮಗು ಯಾವುದಕ್ಕೆ ಕೂರುತ್ತದೆ ಎಂದು ಗುರುಗಳನ್ನು ಕೇಳಿಯೇ ಹಣ ಬಿಚ್ಚಬೇಕು. ಎರಡಕ್ಕೂ ಆಗುವ ಒಂದನ್ನು ಕೊಳ್ಳೋಣವೆಂದರೆ, ಲಕ್ಷ ದಾಟುವ ಸ್ಟೇಜ್ ಪಿಯಾನೊಗಳಿವೆ. ಅವು ಮನೆಗೂ ಭಾರ, ಮಂಡಳಿಗೂ ಭಾರ.

ಕೊಳ್ಳುವ ದಿನ

ಅಂಗಡಿಗೆ ಹೋಗುವಾಗ ಹಾರ್ಮೋನಿಯಂ ಮಾಸ್ಟರನ್ನು ಕರೆದೊಯ್ಯಿ. ಗಟ್ಟಿ ಗಂಟಲಿನ ಒಬ್ಬ ಪಾತ್ರಧಾರಿಯನ್ನೂ ಕರೆದೊಯ್ಯಿ. ಅಂಗಡಿಯವರ ಡೆಮೊ ಹಾಡು ಕೇಳಿ ಮರುಳಾಗಬೇಡಿ. ಅದು ಕೀಬೋರ್ಡನ್ನು ತೋರಿಸುತ್ತದೆ, ನಿಮ್ಮ ನಾಟಕವನ್ನಲ್ಲ. ಪಾತ್ರಧಾರಿ ತನ್ನ ಶ್ರುತಿಯಲ್ಲಿ ಒಂದು ಕಂದ ಎತ್ತಲಿ, ಮಾಸ್ಟರು ಅದಕ್ಕೆ ಜೊತೆಗೊಡಲಿ. ನಡುವೆ ಶ್ರುತಿ ಬದಲಿಸಿ ಇನ್ನೊಂದು ಎತ್ತಲಿ. ಒಮ್ಮೆ ಪ್ಲಗ್ ಕಿತ್ತು ಮತ್ತೆ ಹಾಕಿ, ಏನೇನು ಉಳಿದಿದೆ ನೋಡಿ. ಸೆಕೆಂಡ್‌ಹ್ಯಾಂಡ್ ಆದರೆ ಪ್ರತಿ ಮನೆಯನ್ನೂ ಒಂದೇ ಒತ್ತಿನಲ್ಲಿ ಮೂರು ಸಲ ಒತ್ತಿ, ಪಿಚ್ ಬೆಂಡ್ ಬಿಟ್ಟಾಗ ಸ್ವರ ನೆಟ್ಟಗೆ ಸ್ವಸ್ಥಾನಕ್ಕೆ ಬರುತ್ತದೆಯೇ ಪರೀಕ್ಷಿಸಿ.

ದುಡ್ಡು ಮುಗಿಯುವ ಮೊದಲು ಇನ್ನೊಂದು ಮಾತು. ಮಂಡಳಿಯ ಹಾರ್ಮೋನಿಯಂ ತಿದಿ ಸೋರುತ್ತಿದ್ದರೆ, ರೀಡುಗಳು ಶ್ರುತಿ ಬಿಟ್ಟಿದ್ದರೆ, ಮೊದಲ ಖರ್ಚು ಅದಕ್ಕಾಗಲಿ. ಕೀಬೋರ್ಡು ರಣಭೇರಿ, ಶಂಖ, ಗುಡುಗುಗಳನ್ನು ತಂದುಕೊಡುತ್ತದೆ. ಹಾಡಿನ ನಡುವೆ ಬಣ್ಣ ತುಂಬುತ್ತದೆ. ನಟ ಶ್ರುತಿ ತಪ್ಪಿದಾಗ ಬೆರಳು ಸರಿಸಿ ಅವನನ್ನು ಹಾದಿಗೆ ತರುವ ಕೆಲಸ ಮಾತ್ರ ಮಾಸ್ಟರದ್ದು. ಆ ಮಾಸ್ಟರು ‘ಇದು ನನ್ನ ಕೈಗೆ ಬಂತು’ ಎಂದ ಕೀಬೋರ್ಡನ್ನು ಕೊಳ್ಳಿ, ಅದರ ಟೋನುಗಳು ಪಕ್ಕದ್ದಕ್ಕಿಂತ ಇನ್ನೂರು ಕಡಿಮೆಯಿದ್ದರೂ ಸರಿ.